ಪುಸ್ತಕದ ಹಾಗೆ ಮಾತನಾಡುವವರ ಊರಿನಿಂದ

ಕೋಟ್ಟಯದಿಂದ ವರ್ಗವಾಗಿ ಕಾಸರಗೋಡಿಗೆ ಬಂದು ಎಂಟು ತಿಂಗಳಾಯಿತು, ಮೂವತ್ತು ದಿನಗಳಲ್ಲಿ ಕನ್ನಡ ಕಲಿಸುವ ಪುಸ್ತಕವನ್ನು ಎರಡು ಸಲ ಮುಗಿಸಿದೆ, ಆದರೂ ಕೌಂಟರಿಗೆ ಬರುವ ಅಜ್ಜಂದಿರ ಮಾತು ಹಿಡಿಯುವುದಿಲ್ಲ, ಇನ್ನು ಯಾವ ವ್ಯಾಕರಣ ಓದಲಿ ಎಂದು ಕೇಳಿದ್ದೀರಿ. ಮಲಯಾಳದಲ್ಲಿಯೇ ಉತ್ತರಿಸಬಹುದಿತ್ತು. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಲು ಎರಡು ದಿನ ಹಿಡಿದರೂ ಅಡ್ಡಿಯಿಲ್ಲ.

ಮೊದಲು ಒಂದು ಸಮಾಧಾನ. ಆ ಅಜ್ಜಂದಿರಲ್ಲಿ ಹಲವರು ಆಡುವುದು ಕನ್ನಡವೇ ಅಲ್ಲ, ತುಳು. ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಹವ್ಯಕರ ಮನೆಯ ಕನ್ನಡವಂತೂ ಮೈಸೂರಿನಿಂದ ಬಂದವರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಮನೆಮಾತೂ ತುಳುವೇ. 1956ರ ನವೆಂಬರ್ 1ರವರೆಗೆ ಈ ಊರು ದಕ್ಷಿಣ ಕನ್ನಡದೊಳಗಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಕಚೇರಿ, ಪೇಟೆ, ಬಸ್ಸಿನ ಬೋರ್ಡು ಎಲ್ಲೆಲ್ಲೂ ಮಲಯಾಳ ಬಂತು. ಕನ್ನಡ ಉಳಿದದ್ದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದಲ್ಲಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳು. ಬೆಂಗಳೂರಿಗೆ ಹೋದರೆ ಅಲ್ಲಿಯವರು ನಗುತ್ತಾರೆ: ‘ನೀವು ಪುಸ್ತಕದ ಹಾಗೆ ಮಾತನಾಡುತ್ತೀರಿ!’ ಮತ್ತೇನು ಮಾಡುವುದು ಮಾರಾಯರೇ, ಕಲಿತದ್ದೇ ಪುಸ್ತಕದಿಂದ.

ಶಾಲೆಯ ಪುಸ್ತಕದಿಂದ ಅಲ್ಲ ಎಂಬುದೇ ನಾನು ಹೇಳಬೇಕಾದ ಮಾತು.

ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ಕಾಲು ಚಾಚಿ, ಮಡಿಲಿನಲ್ಲಿ ಮೊರ ಇಟ್ಟುಕೊಂಡು ಕುಳಿತರೆ ಸಂಜೆಯವರೆಗೆ ಕತ್ತರಿಯ ಸದ್ದು. ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಅವಳಿಗೆ ಕೈ ಬಿಡುವಿರಲಿಲ್ಲ, ಕಿವಿ ಬಿಡುವಿತ್ತು. ಕಣ್ಣೂರಿನ ಕಡೆ ಬೀಡಿ ಕಂಪನಿಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ವಾಡಿಕೆಯಾಗಿತ್ತಲ್ಲ, ನಮ್ಮ ಜಗಲಿಯಲ್ಲಿ ಆ ಕೆಲಸ ನನ್ನದು. ಸಂಬಳ ಮಾತ್ರ ಇರಲಿಲ್ಲ.

ನೆರೆಮನೆಯ ಮೇಷ್ಟ್ರು ಕೊಟ್ಟ ಹಳೆಯ ವಾರಪತ್ರಿಕೆಗಳ ಕಟ್ಟಿನಲ್ಲಿ ಒಂದು ಧಾರಾವಾಹಿ ಇತ್ತು. ಕೊಲೆ, ಕಳೆದುಹೋದ ಉಯಿಲು, ಮಲೆನಾಡಿನ ಒಂದು ಬಂಗಲೆ. ಸಾಹಿತ್ಯದ ಮೇಷ್ಟ್ರುಗಳು ಮುಟ್ಟದ ಸರಕು. ನಾನು ಕನ್ನಡದಲ್ಲಿ ಓದುವುದು, ಉಸಿರು ತೆಗೆಯಲು ನಿಲ್ಲಿಸಿದರೆ ಅಮ್ಮ ತಲೆ ಎತ್ತದೆ ತುಳುವಿನಲ್ಲಿ ‘ಬೊಕ್ಕ?’ ಎನ್ನುವುದು. ಬೊಕ್ಕ ಎಂದರೆ ಆಮೇಲೆ. ‘ಉಯಿಲು’ ಎಂದರೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡುತ್ತಾರೆ, ಅದು ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ, ಅಜ್ಜನ ಸಹಿ ಅದಕ್ಕೆ ಬೇಕು. ಮೂರನೆಯ ಕಂತಿನ ಹೊತ್ತಿಗೆ ಯಾರೂ ಹೇಳಿಕೊಡದೆ ಅರ್ಥವಾಗಿತ್ತು.

ಹನ್ನೊಂದನೆಯ ಕಂತು ಇದ್ದ ಸಂಚಿಕೆ ಕಟ್ಟಿನಲ್ಲಿ ಇರಲಿಲ್ಲ. ಅಮ್ಮ ಬಿಡಬೇಕಲ್ಲ. ಏನಾಗಿರಬಹುದೆಂದು ಅವಳು ತುಳುವಿನಲ್ಲಿ ಹೇಳಿದಳು, ನಾನು ಅದನ್ನು ಪತ್ರಿಕೆಯ ಧಾಟಿಯಲ್ಲಿ ಕನ್ನಡ ಮಾಡಿ ‘ಓದಿದೆ’. ಪಾಠ ಒಪ್ಪಿಸುವುದನ್ನು ಬಿಟ್ಟರೆ, ಸ್ವಂತವಾಗಿ ನಾನು ಕಟ್ಟಿದ ಮೊದಲ ಕನ್ನಡ ವಾಕ್ಯಗಳು ಅವು.

ನಿಮ್ಮ ಮಲಯಾಳವನ್ನು ಕಲಿತದ್ದೂ ಹೀಗೆಯೇ, ಕ್ಷೌರದಂಗಡಿಯ ಬೆಂಚಿನ ಮೇಲೆ. ಎದುರಿಗೆ ಎಣ್ಣೆ ಹತ್ತಿದ ಸಿನಿಮಾ ಪತ್ರಿಕೆಗಳು, ಸರದಿ ಬರಲು ಒಂದು ಗಂಟೆ. ಬೇಗ ಹೊಳೆದದ್ದು ಏನೆಂದರೆ, ನಮ್ಮ ಕಿವಿ ನಿಮ್ಮ ಚೆವಿ, ನಮ್ಮ ಕಿರಿಯ ನಿಮ್ಮ ಚೆರಿಯ, ನಮ್ಮ ಹಾಲು ಹುಲಿಗಳು ನಿಮ್ಮಲ್ಲಿ ಪಾಲ್, ಪುಲಿ. ಈ ಕೀಲಿ ಕೈಗೆ ಸಿಕ್ಕ ದಿನ ನನಗಾದ ಖುಷಿಯನ್ನು ವ್ಯಾಕರಣದ ಕೋಷ್ಟಕ ಕೊಡಲಾರದು. ಮೋಸ ಹೋದದ್ದೂ ಉಂಟು. ನಿಮ್ಮ ಅವಸರಂ ಎಂದರೆ ಅವಕಾಶ, ನಮಗೆ ಅವಸರ ಎಂದರೆ ಗಡಿಬಿಡಿ. ನಾಯಕನಿಗೆ ‘ಒಳ್ಳೆಯ ಅವಸರ’ ಸಿಕ್ಕಿತೆಂದು ಓದಿ, ಪಾಪ, ಎಲ್ಲಿಗೆ ಓಡುತ್ತಿದ್ದಾನೋ ಎಂದುಕೊಂಡಿದ್ದೆ. ನಿಮ್ಮ ಸಂಸಾರಂ ಬರಿಯ ಮಾತುಕತೆ, ನಮ್ಮ ಸಂಸಾರದಲ್ಲಿ ಹೆಂಡತಿ ಮಕ್ಕಳು ಇರುತ್ತಾರೆ. ಇನ್ನು ಅಪೇಕ್ಷೆ. ನಮಗೆ ಅದು ಆಸೆ, ನಿಮಗೆ ಅರ್ಜಿ. ಹಾಗಾಗಿ ನಿಮ್ಮ ಕೌಂಟರಿನಲ್ಲಿ ನಾವು ಮುದ್ರಿತ ಫಾರಮಿನಲ್ಲಿ ಅಪೇಕ್ಷೆಗಳನ್ನು ತುಂಬಿ ಕೊಡುತ್ತೇವೆ.

ನಿಘಂಟಿನ ಮೇಲೆ ನನಗೆ ಸಿಟ್ಟಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಇಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದವು. ಹೆಮ್ಮೆಯೇ. ಆದರೆ ಪುಟಕ್ಕೆ ಹತ್ತು ಸಲ ನಿಘಂಟು ತೆರೆಯುವ ಪುಸ್ತಕ ನಿಮಗೆ ಈಗ ಬೇಡ, ಅದನ್ನು ಕಪಾಟಿಗೆ ಸೇರಿಸಿ. ನಿಮ್ಮ ಊರಿನ ವಾಯನಶಾಲೆಯಲ್ಲಿ ಮಲಯಾಳವನ್ನು ಹೇಗೆ ಓದಿದಿರೋ, ಸಿಕ್ಕಿದ್ದೆಲ್ಲ, ಹಾಗೆಯೇ ಇದನ್ನೂ ಓದಿ. ಇಲ್ಲಿಯ ಗ್ರಂಥಾಲಯಗಳಲ್ಲಿ ಕನ್ನಡದ ಕಪಾಟೂ ಇರುತ್ತದೆ, ಧೂಳು ಒರೆಸುವವರು ಕಡಿಮೆ. ಮಕ್ಕಳ ಕತೆ ಓದಲು ನಾಚಿಕೆಪಡಬೇಡಿ. ಪತ್ರಿಕೆಯಲ್ಲಿ ಮೊದಲು ಅಪಘಾತದ ಸುದ್ದಿ, ಅಡಿಕೆಯ ಧಾರಣೆ. ಸಂಪಾದಕೀಯವನ್ನು ಇಲ್ಲಿ ನಾವೂ ಹಾರಿಸುತ್ತೇವೆ. ಬೇಸರ ಬಂದರೆ ಅರ್ಧದಲ್ಲಿ ಬಿಟ್ಟು ಇನ್ನೊಂದು ಹಿಡಿಯಿರಿ. ಮದುವೆಯ ಕಾಗದ, ಆಟದ ನೋಟೀಸು ಯಾವುದೂ ಕೀಳಲ್ಲ.

ಆಟ ಎಂದರೆ ಯಕ್ಷಗಾನ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ ನಿಮ್ಮ ಕಚೇರಿಗೆ ದೂರವೇನಿಲ್ಲ. ಅಲ್ಲಿ ಮಳೆಗಾಲದ ತಾಳಮದ್ದಳೆಗೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಒಮ್ಮೆ ಬನ್ನಿ, ಪ್ರಸಂಗದ ಕತೆಯನ್ನು ಮೊದಲೇ ಓದಿಕೊಂಡು. ಮನೆಯಲ್ಲಿ ತುಳುವನ್ನಷ್ಟೇ ಆಡುವ ರೈತ ಅಂಗಿಯ ಮೇಲೊಂದು ಶಾಲು ಹೊದ್ದು, ವಾಲಿಯಾಗಿ ರಾಮನನ್ನು ಅರ್ಧ ಗಂಟೆ ಕನ್ನಡದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಬಂದಾಗ ನಮ್ಮ ಮನೆಗೂ ಬನ್ನಿ. ಆ ಪತ್ರಿಕೆಗಳ ಕಟ್ಟು ಅಟ್ಟದಲ್ಲಿದೆ, ಗೆದ್ದಲು ಹಿಡಿದಿಲ್ಲ, ಕೊಡುತ್ತೇನೆ. ಹನ್ನೊಂದನೆಯ ಕಂತಿನಲ್ಲಿ ಏನಾಯಿತೆಂದು ಅಮ್ಮನನ್ನೇ ಕೇಳಿ. ಅವಳು ಅದನ್ನು ತುಳುವಿನಲ್ಲಿಯೇ ಹೇಳುವುದು.