ಮಾಡೆಲ್ ಮೇಜು: ಹಳೇ ಡ್ರ್ಯಾಗ್‌ಸ್ಟರ್ ಕಟ್ಟೋರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಮೆರಿಕದ 1960ರ ದಶಕದ ಡ್ರ್ಯಾಗ್ ರೇಸ್ ಕಾರುಗಳ ಪ್ಲಾಸ್ಟಿಕ್ ಕಿಟ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟು ಪ್ರಶ್ನೆ ಬರತ್ತೆ ಅಂದ್ಕೊಂಡಿರಲಿಲ್ಲ. ಎಲ್ಲಾ ಹಾಕೋಕೆ ಜಾಗ ಇಲ್ಲ, ಹೆಚ್ಚು ಜನ ಕೇಳಿರೋದನ್ನ ಆರಿಸ್ಕೊಂಡಿದೀನಿ.

ಧಾರವಾಡದ ಓದುಗರು: ನಮಸ್ಕಾರ್ರಿ. ಇಷ್ಟು ದಿನ ಬರೇ ಟ್ಯಾಂಕು, ವಿಮಾನ ಮಾಡೀನಿ. ಈಗ ಒಂದು ಡ್ರ್ಯಾಗ್‌ಸ್ಟರ್ ಮಾಡಬೇಕಂತ ಮನಸ್ಸಾಗೇದ. ಆದ್ರ ಒಂದು ಫೋಟೋದಾಗ ಡ್ರೈವರ್ ಎಂಜಿನ್ ಹಿಂದ ಕುಂತಾನ, ಇನ್ನೊಂದರಾಗ ಎಂಜಿನ್ ಮುಂದ ಕುಂತಾನ. ಯಾವುದು ಖರೇ? ಎಲ್ಲಿಂದ ಶುರು ಮಾಡ್ಲಿ?

ಎರಡೂ ಖರೇನೇ ಸರ್, ಕಾಲ ಬೇರೆ ಅಷ್ಟೇ. ಡ್ರ್ಯಾಗ್ ರೇಸ್ ಅಂದ್ರೆ ಕಾಲು ಮೈಲಿ, ಅಂದ್ರೆ ಸುಮಾರು 402 ಮೀಟರ್, ನೇರ ರಸ್ತೆ, ತಿರುವೇ ಇಲ್ಲ, ನಿಂತಲ್ಲಿಂದ ಹೊರಟು ಯಾರು ಮೊದಲು ಮುಟ್ತಾರೆ ಅನ್ನೋದು. ಹಾಗಾಗಿ ಹಿಂದಿನ ಟೈರ್ ರಸ್ತೆ ಕಚ್ಚಿ ಹಿಡಿಯೋದೇ ಮುಖ್ಯ. 1954ರಲ್ಲಿ ಅಮೆರಿಕದ ರೇಸರ್ ಮಿಕ್ಕಿ ಥಾಂಪ್ಸನ್ ಡ್ರೈವರ್ ಸೀಟನ್ನ ಹಿಂದಿನ ಆಕ್ಸಲ್‌ಗಿಂತಲೂ ಹಿಂದಕ್ಕೆ ತಳ್ಳಿ ಕಾರು ಕಟ್ಟಿದ, ಭಾರ ಎಲ್ಲಾ ಹಿಂದಿನ ಚಕ್ರದ ಮೇಲೆ ಬೀಳ್ಲಿ ಅಂತ. ಇದೇ ಸ್ಲಿಂಗ್‌ಶಾಟ್. ಮುಂದಿನ ಹದಿನೈದು ವರ್ಷ ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಕಟ್ಟಿದ್ರು. ತೊಂದರೆ ಏನಂದ್ರೆ ಎಂಜಿನ್, ಕ್ಲಚ್ಚು ಎಲ್ಲಾ ಡ್ರೈವರ್ ಮುಂದೇನೇ, ಏನು ಸಿಡಿದ್ರೂ ನೇರ ಅವನ ಮೈಗೇ, ಬಿಸಿ ಆಯಿಲ್ ಮುಖಕ್ಕೇ. 1970ರ ಮಾರ್ಚ್ 8ಕ್ಕೆ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಪಕ್ಕದಲ್ಲಿ, ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಅನ್ನೋ ಕಡೆ, ಹೆಸರಾಂತ ರೇಸರ್ ಡಾನ್ ಗಾರ್ಲಿಟ್ಸ್ ಕಾರಿನ ಟ್ರಾನ್ಸ್‌ಮಿಷನ್ ಸಿಡಿದು ಕಾರು ಎರಡು ತುಂಡಾಯ್ತು, ಅವರ ಬಲಪಾದದ ಮುಂಭಾಗ ಹೋಯ್ತು. ಆಮೇಲೆ ಅವರು ಎಂಜಿನ್ನನ್ನ ಬೆನ್ನ ಹಿಂದಕ್ಕೆ ಹಾಕಿ ಸ್ವಾಂಪ್ ರ‍್ಯಾಟ್ 14 ಅನ್ನೋ ಕಾರು ಕಟ್ಟಿದ್ರು, ಅವರ ಕಾರುಗಳಿಗೆ ಆ ಹೆಸರೇ, ನಂಬರು ಮಾತ್ರ ಬೇರೆ. ಹಿಂದೆ ಎಂಜಿನ್ ಇಟ್ಟು ಕಟ್ಟಿದೋರು ಅವರಿಗಿಂತ ಮೊದಲೂ ಇದ್ರು, ಆದ್ರೆ ಆ ಕಾರುಗಳು ನೇರ ಓಡ್ತಿರಲಿಲ್ಲ. ಸ್ಟೀರಿಂಗ್ ಅಷ್ಟು ಚುರುಕಾಗಿ ತಿರುಗದ ಹಾಗೆ ಮಾಡಿದ ಮೇಲೆ ಗಾರ್ಲಿಟ್ಸ್ ಕಾರು ಹತೋಟಿಗೆ ಬಂತು. 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು, ಕೆಲವೇ ವರ್ಷದಲ್ಲಿ ಟಾಪ್ ಫ್ಯೂಯಲ್ ಅನ್ನೋ ಅತಿ ವೇಗದ ಕ್ಲಾಸಲ್ಲಿ ಸ್ಲಿಂಗ್‌ಶಾಟ್ ಮಾಯ.

ನಿಮಗೆ ನನ್ನ ಸಲಹೆ, 1960ರ ದಶಕದ ನಡುಭಾಗದ ಸ್ಲಿಂಗ್‌ಶಾಟ್, 1:25 ಸ್ಕೇಲು. ರೆವೆಲ್, ಎಎಂಟಿ, ಎಂಪಿಸಿ ಮೂರೂ ಕಂಪನಿ ಈ ಸೈಜಲ್ಲಿ ಡ್ರ್ಯಾಗ್‌ಸ್ಟರ್ ಮಾಡಿವೆ. ಆದ್ರೆ ಕಿಟ್ ತರೋದಕ್ಕಿಂತ ಮುಂಚೆ ಒಂದು ವರ್ಷ ಗಟ್ಟಿ ಮಾಡ್ಕೊಳಿ, ಆಗೋದಾದ್ರೆ ಒಂದು ರೇಸನ್ನೇ ಆರಿಸ್ಕೊಳಿ, ಯಾಕಂದ್ರೆ ಈ ಕಾರುಗಳನ್ನ ಎರಡು ವಾರಕ್ಕೊಮ್ಮೆ ಬಿಚ್ಚಿ ಬದಲಾಯಿಸ್ತಿದ್ರು. ದಶಕದ ಶುರುವಿನ ಕಾರಲ್ಲಿ ಎಕ್ಸಾಸ್ಟ್ ಪೈಪು ನೆಲದ ಕಡೆ ಬಗ್ಗಿರತ್ತೆ, ನಡುಭಾಗದ ಹೊತ್ತಿಗೆ ಮೇಲಕ್ಕೆ ಹಿಂದಕ್ಕೆ ಎದ್ದಿರತ್ತೆ, ಅದಕ್ಕೆ ಝೂಮಿ ಅಂತಾರೆ. ಚಕ್ರದಿಂದ ಚಕ್ರದ ಉದ್ದವೂ ವರ್ಷದಿಂದ ವರ್ಷಕ್ಕೆ ಬೆಳೀತಾ ಹೋಯ್ತು, 150 ಇಂಚಿದ್ದಿದ್ದು ದಶಕದ ಕೊನೆಗೆ 200 ದಾಟಿತು, ಅಂದ್ರೆ ನಿಮ್ಮ ಮಾಡೆಲಲ್ಲಿ 6 ಇಂಚು ಎಲ್ಲಿ 8 ಇಂಚು ಎಲ್ಲಿ. ವರ್ಷ ಗೊತ್ತಿಲ್ಲದೆ ಶುರು ಮಾಡಿದ್ರೆ 62ರ ಚಾಸಿ ಮೇಲೆ 68ರ ಪೈಪು ಕೂತು ನೋಡೋಕೆ ಚೆಂದ ಇದ್ರೂ ಅಂಥಾ ಕಾರು ಯಾವತ್ತೂ ಇರಲಿಲ್ಲ ಅನ್ನೋ ಹಾಗಾಗತ್ತೆ. ಬಾಕ್ಸ್ ಮೇಲಿನ ಚಿತ್ರ ನಂಬಬೇಡಿ, ಆ ಕಾಲದ ಕಪ್ಪುಬಿಳುಪು ಫೋಟೋ ನಂಬಿ.

ಮೈಸೂರಿನ ಓದುಗರು: ಸಾರ್, ಕಿಟ್‌ನಲ್ಲಿ ಎಂಜಿನ್ ಇದೆ, ಆದ್ರೆ ಸ್ಪಾರ್ಕ್ ಪ್ಲಗ್ ವೈರು ಒಂದೂ ಇಲ್ಲ. ನಾವೇ ಹಾಕ್ಬೇಕು ಅಂತಾರೆ. ಯಾವ ವೈರು ತಗೋಬೇಕು, ಯಾವುದು ಎಲ್ಲಿಗೆ ಹೋಗತ್ತೆ?

ಈ ಪ್ರಶ್ನೆಗೆ ಕಾಯ್ತಾ ಇದ್ದೆ. ಡ್ರ್ಯಾಗ್‌ಸ್ಟರ್ ಅಂದ್ರೆ ಎಂಜಿನ್ನೇ, ಅದನ್ನ ಮುಚ್ಚೋಕೆ ಬಾನೆಟ್ಟೂ ಇಲ್ಲ, ಹಾಗಾಗಿ ನಿಮ್ಮ ಸಮಯದ ಅರ್ಧ ಇಲ್ಲೇ ಹೋಗಲಿ, ಪರವಾಗಿಲ್ಲ.

ನಿಜವಾದ ಪ್ಲಗ್ ವೈರು ಸುಮಾರು 8 ಮಿಲಿಮೀಟರ್ ದಪ್ಪ. 25ರಿಂದ ಭಾಗಿಸಿದ್ರೆ 0.32. ನಿಮ್ಮೂರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದ್ದೇ ಇರತ್ತಲ್ಲ, ಅಲ್ಲಿ 30 ಗೇಜ್ ತಾಮ್ರದ ವೈಂಡಿಂಗ್ ತಂತಿ ಕೇಳಿ, ಅದು 0.315 ಮಿಲಿಮೀಟರ್, ಹೇಳಿ ಮಾಡಿಸಿದ ಅಳತೆ, ಒಂದು ಗೇಣು ಸುಮ್ನೇ ಕೊಡ್ತಾರೆ. ಹೊರಗಡೆ ಮಾಡೆಲ್ ವೈರು ಅಂತ ಪ್ಯಾಕೆಟ್ಟಿಗೆ ದುಡ್ಡು ಸುರಿಯೋ ಅಗತ್ಯ ಇಲ್ಲ. ತೂತು ಹೊಡೆಯೋಕೆ 0.4 ಮಿಲಿಮೀಟರ್ ಡ್ರಿಲ್ ಬಿಟ್, ಎಲೆಕ್ಟ್ರಾನಿಕ್ ಬೋರ್ಡಿಗೆ (ಪಿಸಿಬಿ) ಬಳಸ್ತಾರಲ್ಲ ಅದೇ, ಕೈಯಲ್ಲಿ ಹಿಡಿಯೋ ಪಿನ್ ವೈಸಲ್ಲಿ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿ. ಮೊದಲು ಸೂಜಿ ಮೊನೆಯಿಂದ ಗುರುತು ಚುಚ್ಚಿ, ಇಲ್ಲಾಂದ್ರೆ ಬಿಟ್ ಜಾರಿ ಗೀರು ಬೀಳತ್ತೆ.

ಎಲ್ಲಿ ತೂತು? ಕ್ರೈಸ್ಲರ್ ಕಂಪನಿಯ ಹೆಮಿ ಎಂಜಿನ್ ಆದ್ರೆ, ಆ ಕಾಲದ ಫ್ಯೂಯಲ್ ಕಾರುಗಳಲ್ಲಿ, ಅಂದ್ರೆ ಪೆಟ್ರೋಲ್ ಬದಲು ನೈಟ್ರೋಮೀಥೇನ್ ಸುಡೋ ಕಾರುಗಳಲ್ಲಿ, ಬಹುತೇಕ ಅದೇ, 392 ಘನ ಇಂಚಿನದು, ಪ್ಲಗ್ಗುಗಳು ಸಿಲಿಂಡರ್ ಹೆಡ್ಡಿನ ಮಧ್ಯ ಇರತ್ತೆ, ವೈರು ವಾಲ್ವ್ ಕವರ್ ಮೇಲಿಂದಾನೇ ಒಳಗೆ ಇಳಿಯತ್ತೆ. ಅಂದ್ರೆ ಒಂದೊಂದು ಕವರ್ ಮೇಲೆ ಸಾಲಾಗಿ ನಾಲ್ಕು ತೂತು. ಇನ್ನೊಂದು ತುದಿ ಎಲ್ಲಿಗೆ? ರಸ್ತೆ ಕಾರಲ್ಲಿ ಡಿಸ್ಟ್ರಿಬ್ಯೂಟರ್ ಇರತ್ತೆ, ಅದರ ಕ್ಯಾಪಲ್ಲಿ ಒಂಬತ್ತು ವೈರು, ಎಂಟು ಪ್ಲಗ್ಗಿಗೆ, ನಡುವಿಂದು ಕಾಯಿಲ್‌ಗೆ. ಫ್ಯೂಯಲ್ ಡ್ರ್ಯಾಗ್‌ಸ್ಟರಲ್ಲಿ ಇರೋದು ಮ್ಯಾಗ್ನೆಟೊ, ಕರೆಂಟ್ ತಾನೇ ಹುಟ್ಟಿಸ್ಕೊಳತ್ತೆ, ಬ್ಯಾಟರಿ ಬೇಡ, ಹೊರಗೆ ಕಾಯಿಲ್ ಬೇಡ. ಆದ್ದರಿಂದ ಎಂಟೇ ವೈರು. ಮಾಡೆಲ್ ಶೋಗಳಲ್ಲಿ ತುಂಬಾ ನೀಟಾಗಿ ಒಂಬತ್ತನೇ ವೈರು ಹಾಕಿರೋ ಡ್ರ್ಯಾಗ್‌ಸ್ಟರ್ ಕಾಣ್ಸತ್ತೆ, ಪಾಪ, ಆ ವೈರು ಹೋಗೋ ಜಾಗಾನೇ ಇರಲ್ಲ.

ಸೀಟಲ್ಲಿ ಕೂತು ಮುಂದಕ್ಕೆ ನೋಡಿದ್ರೆ ಎಡಗಡೆ ಸಾಲಲ್ಲಿ ಮುಂದಿನಿಂದ 1, 3, 5, 7, ಬಲಗಡೆ 2, 4, 6, 8. ಉರಿಯೋ ಕ್ರಮ 1-8-4-3-6-5-7-2. ಮ್ಯಾಗ್ನೆಟೊ ಕ್ಯಾಪ್ ಸುತ್ತ ಇದೇ ಕ್ರಮದಲ್ಲಿ ವೈರು ಕೊಟ್ಟರೆ ಅವು ಒಂದರ ಮೇಲೊಂದು ಹಾದು ಹೋಗೋ ರೀತೀನೇ ಅಸಲಿ ಥರ ಬರತ್ತೆ. 5 ಮತ್ತೆ 7 ಅಕ್ಕಪಕ್ಕದ ಸಿಲಿಂಡರು, ಉರಿಯೋದೂ ಒಂದರ ಹಿಂದೆ ಒಂದು, ಅದಕ್ಕೇ ಮೆಕ್ಯಾನಿಕ್‌ಗಳು ಆ ಎರಡು ವೈರನ್ನ ಒಟ್ಟಿಗೆ ಅಂಟಿಸಿ ಓಡಿಸಲ್ಲ, ಒಂದರ ಕಿಡಿ ಇನ್ನೊಂದಕ್ಕೆ ಹಾರಬಾರದು ಅಂತ. ನೀವೂ ಅಲ್ಲಿ ಕೂದಲೆಳೆ ಅಂತರ ಬಿಡಿ.

ಇನ್ನು ಎಂಜಿನ್ ಮೇಲೆ ಕೂತಿರೋ ಬ್ಲೋವರ್, ಅಂದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಯಂತ್ರ. ಅದು ರೇಸಿಗೆ ಅಂತ ಹುಟ್ಟಿದ್ದಲ್ಲ, ಜಿಎಂಸಿ 6-71 ಅಂತಾರಲ್ಲ, ಜನರಲ್ ಮೋಟಾರ್ಸ್‌ನ ಟು ಸ್ಟ್ರೋಕ್ ಡೀಸೆಲ್ ಎಂಜಿನ್ನಿಂದ ಕಿತ್ತು ತಂದಿದ್ದು, ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು. ಕಿಟ್ ಅದಕ್ಕೆ ಕನ್ನಡಿ ಥರ ಕ್ರೋಮ್ ಕೊಟ್ಟಿರತ್ತೆ, ಸಾಮಾನ್ಯವಾಗಿ ಅದು ಮಂಕಾದ ಅಲ್ಯೂಮಿನಿಯಂ ಬಣ್ಣವೇ ಸರಿ.

ಶಿವಮೊಗ್ಗದ ಓದುಗರು: ಹಳೇ ಕಿಟ್ ಒಂದು ಸಿಕ್ತು, ಬಾಕ್ಸ್ ತೆಗೆದ್ರೆ ರಬ್ಬರ್ ಟೈರು ಚಕ್ರಕ್ಕೆ ಕರಗಿ ಅಂಟ್ಕೊಂಡಿದೆ. ಕ್ರೋಮ್ ಕೂಡ ಅಲ್ಲಲ್ಲಿ ಕಿತ್ತಿದೆ. ಎಸೀಬೇಕಾ?

ಎಸೀಬೇಡಿ. ಅದು ರಬ್ಬರಲ್ಲ, ಮೆತ್ತನೆ ವಿನೈಲ್. ಅದನ್ನ ಮೆತ್ತಗೆ ಮಾಡೋಕೆ ಸೇರಿಸಿರೋ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ಹೊರಗೆ ಬಂದು ಪಕ್ಕದ ಪಾಲಿಸ್ಟೈರೀನ್ ತಿನ್ನತ್ತೆ. ತಿಂದಿರೋ ಜಾಗ ಎಪಾಕ್ಸಿ ಪುಟ್ಟಿಯಿಂದ ತುಂಬಿ ಉಜ್ಜಿ, ಎಂ-ಸೀಲ್ ಆದ್ರೂ ನಡೀತದೆ. ಜೋಡಿಸೋ ಮುಂಚೆ ಚಕ್ರದ ಅಂಚಿಗೆ ತೆಳು ಅಲ್ಯೂಮಿನಿಯಂ ಟೇಪ್ ಒಂದು ಸುತ್ತು ಸುತ್ತಿಬಿಡಿ, ಮತ್ತೆ ಮುಟ್ಟಲ್ಲ. ಕ್ರೋಮ್ ತೆಗೆಯೋಕೆ ಬಟ್ಟೆ ಬಿಳುಪು ಮಾಡೋ ಬ್ಲೀಚಲ್ಲಿ ನೆನೆಹಾಕಿ, ತಾನೇ ಬಿಟ್ಕೊಳತ್ತೆ. ಒಂದು ಮಾತು: ಬ್ಲೀಚ್ ಇರೋ ಡಬ್ಬಕ್ಕೆ ಟಾಯ್ಲೆಟ್ ಕ್ಲೀನರ್ ಆಗ್ಲಿ ಯಾವುದೇ ಆಸಿಡ್ ಆಗ್ಲಿ ಅಪ್ಪಿತಪ್ಪಿಯೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಪ್ರಾಣಕ್ಕೇ ಅಪಾಯ. ಆಮೇಲೆ ಎಲ್ಲಕ್ಕೂ ಮತ್ತೆ ಹೊಳಪು ಕೊಡೋಕೆ ಹೋಗ್ಬೇಡಿ, ಮುಂದಿನ ಆಕ್ಸಲ್ಲು, ವಾಲ್ವ್ ಕವರು ಹೊಳೀಲಿ, ಮೆಗ್ನೀಷಿಯಂ ಚಕ್ರ ಬೂದು ಬಣ್ಣದಲ್ಲೇ ಇರಲಿ.

ಮಂಗಳೂರಿನ ಓದುಗರು: ನನಗೆ ಆ ಕಾಲದ ಕ್ಯಾಂಡಿ ಕೆಂಪು ಬಣ್ಣ ಬೇಕು ಮಾರಾಯ್ರೆ. ಆದ್ರೆ ಇಲ್ಲಿ ಮಳೆ ಬಿಡುದೇ ಇಲ್ಲ, ಸ್ಪ್ರೇ ಮಾಡಿದ್ರೆ ಬೆಳ್ಳಗೆ ಮಂಜು ಕೂತ ಹಾಗೆ ಆಗ್ತದೆ. ಏನಾದ್ರೂ ಉಪಾಯ ಉಂಟಾ?

ಉಂಟು. ಲ್ಯಾಕರ್ ಬಣ್ಣದಲ್ಲಿರೋ ಥಿನ್ನರ್ ಬೇಗ ಆವಿಯಾಗುವಾಗ ಆ ಜಾಗ ತಣ್ಣಗಾಗತ್ತೆ, ಗಾಳಿಯ ತೇವ ಅಲ್ಲೇ ನೀರಾಗಿ ಬಣ್ಣದೊಳಗೆ ಸಿಕ್ಕಿಹಾಕ್ಕೊಳತ್ತೆ, ಬಿಳುಪು ಅದೇ. ಹಾಗಾಗಿ ನಿಧಾನಕ್ಕೆ ಒಣಗೋ ಥಿನ್ನರ್ ಬಳಸಿ, ರಿಟಾರ್ಡರ್ ಸೇರಿರೋದು, ಕಂಪ್ರೆಸರ್‌ಗೆ ನೀರು ಹಿಡಿಯೋ ಫಿಲ್ಟರ್ ಹಾಕಿ. ಎಸಿ ರೂಮಿದ್ರೆ ಅಲ್ಲಿ ಮೊದಲು ತೇವ ಇಳಿಸ್ಕೊಂಡು ಆಮೇಲೆ ಸ್ಪ್ರೇ ಮಾಡಿ, ಆದ್ರೆ ಕಿಟಕಿಗೆ ಫ್ಯಾನ್ ಇಟ್ಟು ಹೊಗೆ ಹೊರಗೆ ಹಾಕ್ಲೇಬೇಕು, ಮಾಸ್ಕೂ ಬೇಕು. ಈಗಾಗ್ಲೇ ಬೆಳ್ಳಗಾಗಿದ್ರೆ ಒಣ ಹವೆ ಇರೋ ದಿನ ಬರೀ ಆ ನಿಧಾನದ ಥಿನ್ನರನ್ನೇ ತೆಳ್ಳಗೆ ಒಂದು ಸಲ ಹೊಡೀರಿ, ಬಹಳಷ್ಟು ಸಲ ಬಿಟ್ಟೋಗತ್ತೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮಾತ್ರ ಬರೀ ಪ್ಲಾಸ್ಟಿಕ್ ಮೇಲೆ ಬೇಡ, ತಿಂದು ಹಾಕತ್ತೆ.

ಕ್ಯಾಂಡಿ ಅಂದ್ರೆ ಕೆಳಗೆ ಬೆಳ್ಳಿ ಇಲ್ಲಾ ಚಿನ್ನದ ಬಣ್ಣ, ಮೇಲೆ ಪಾರದರ್ಶಕ ಕೆಂಪು, ಟಮಿಯಾ ಎಕ್ಸ್-27 ಥರದ್ದು. ಒಂದೊಂದು ಕೋಟ್‌ಗೂ ಬಣ್ಣ ಗಾಢ ಆಗ್ತಾ ಹೋಗತ್ತೆ, ಅಲ್ಲೇ ಇರೋದು ಫಜೀತಿ, ಮೂಗಿನ ಭಾಗಕ್ಕೆ ಮೂರು ಕೋಟು ಸೀಟಿನ ಹಿಂಭಾಗಕ್ಕೆ ನಾಲ್ಕು ಆದ್ರೆ ಎರಡು ಬೇರೆ ಕಾರಿನ ಹಾಗೆ ಕಾಣತ್ತೆ. ಬಾಡಿಯ ಎಲ್ಲಾ ಭಾಗ ಒಂದೇ ಹಲಗೆಗೆ ಸಿಕ್ಕಿಸಿ ಒಟ್ಟಿಗೇ ಹೊಡೀರಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚಮಚಕ್ಕೂ ಅದೇ ಕೋಟು ಕೊಡ್ತಾ ಹೋಗಿ, ಎಲ್ಲಿ ನಿಲ್ಲಿಸ್ಬೇಕು ಅಂತ ಅದರಲ್ಲಿ ಗೊತ್ತಾಗತ್ತೆ. ಇದೆಲ್ಲಾ ತಲೆನೋವು ಅನ್ಸಿದ್ರೆ ಗಾರ್ಲಿಟ್ಸ್ ಕಾರು ಮಾಡಿ, ಬಹುತೇಕ ಎಲ್ಲಾ ಕಪ್ಪು. ಕಪ್ಪಿನಲ್ಲಿ ಧೂಳಿನ ಒಂದು ಕಣವೂ ಎದ್ದು ಕಾಣತ್ತೆ, ಅದು ಬೇರೆ ಕಥೆ.

ಬೆಂಗಳೂರಿನ ಓದುಗರು: ಟ್ಯಾಂಕ್ ಮಾಡೋರು ಮಣ್ಣು, ತುಕ್ಕು ಎಲ್ಲಾ ಹಚ್ತಾರಲ್ಲ, ಡ್ರ್ಯಾಗ್‌ಸ್ಟರ್‌ಗೂ ಹಚ್ಬಹುದಾ?

ಮಣ್ಣು ಬೇಡ. ಅದು ಓಡೋದು ಗುಡಿಸಿದ ಟಾರಿನ ಮೇಲೆ, ರೇಸಿಗೂ ಮುಂಚೆ ಹುಡುಗರು ಒರೆಸಿ ಒರೆಸಿ ಇಟ್ಟಿರ್ತಾರೆ. ಗಲೀಜಾಗೋದು ಬೇರೆ ಥರ. ಹಿಂದಿನ ಟೈರಿನ ನೆಲ ಮುಟ್ಟೋ ಭಾಗ ಹೊಳೀಬಾರದು, ಮರಳು ಕಾಗದದಲ್ಲಿ ಉಜ್ಜಿ ಮಂಕು ಮಾಡಿ. ಟೈರಿಂದ ಹಾರಿದ ರಬ್ಬರ್ ಚೂರು ಹಿಂದಿನ ಬಾಡಿ ಮೇಲೆ, ಪ್ಯಾರಾಚೂಟ್ ಚೀಲದ ಮೇಲೆ ಕಪ್ಪು ಚುಕ್ಕಿಯಾಗಿ ಕೂತಿರತ್ತೆ. ಎಕ್ಸಾಸ್ಟ್ ಪೈಪಿನ ತುದಿ ತೂತು ಕೊರೆದು ಟೊಳ್ಳು ಮಾಡಿ, ಕಾದು ನೀಲಿ ಕಂದು ತಿರುಗಿದ ಛಾಯೆ ಸ್ವಲ್ಪ ಕೊಡಿ. ವಾಲ್ವ್ ಕವರ್ ಕೆಳಗೆ ಒಂದು ಆಯಿಲ್ ಗೆರೆ. ಸಾಕು. ಮತ್ತೆ ಮುಂದಿನ ಚಕ್ರಕ್ಕೆ ಬ್ರೇಕ್ ಪೈಪು ಹುಡುಕ್ಬೇಡಿ, ಈ ಸ್ಲಿಂಗ್‌ಶಾಟ್‌ಗಳಿಗೆ ಅಲ್ಲಿ ಬ್ರೇಕೇ ಇರ್ತಿರಲಿಲ್ಲ, ಹಿಂದಿನ ಬ್ರೇಕು, ಪ್ಯಾರಾಚೂಟು ಅಷ್ಟೇ. 1964ರ ಆಗಸ್ಟಲ್ಲಿ ನ್ಯೂಜರ್ಸಿಯ ಐಲ್ಯಾಂಡ್ ಡ್ರ್ಯಾಗ್‌ವೇನಲ್ಲಿ ಗಾರ್ಲಿಟ್ಸ್ ಗಂಟೆಗೆ 201.34 ಮೈಲಿ ಮುಟ್ಟಿದ್ರಲ್ಲ, ಅಂದ್ರೆ 324 ಕಿಲೋಮೀಟರ್, ಆ ವೇಗದಿಂದ ನಿಲ್ಲೋಕೆ ಅವೆರಡೇ ಗತಿ.

ಅಮೆರಿಕದ ಟ್ಯಾಂಪಾದಿಂದ ಕನ್ನಡದ ಓದುಗರು: ಬರೋ ತಿಂಗಳು ಮಕ್ಕಳನ್ನ ಕರ್ಕೊಂಡು ಒಕಾಲಾದ ಗಾರ್ಲಿಟ್ಸ್ ಡ್ರ್ಯಾಗ್ ರೇಸಿಂಗ್ ಮ್ಯೂಸಿಯಂಗೆ ಹೋಗ್ತಿದೀವಿ. ಊರಲ್ಲಿರೋ ನನ್ನ ತಮ್ಮ ಮಾಡೆಲ್ ಕಟ್ತಾನೆ, ಅವನಿಗೆ ಯಾವ ಥರ ಫೋಟೋ ತೆಗೆದು ಕಳಿಸ್ಲಿ?

ನಿಮ್ಮ ತಮ್ಮನ ಅದೃಷ್ಟ. ಕಾರಿನ ಮುಂದೆ ಮಕ್ಕಳನ್ನ ನಿಲ್ಲಿಸಿದ ಫೋಟೋ ನಿಮಗಿರಲಿ, ತಮ್ಮನಿಗೆ ಬೇಕಾಗಿರೋದು ಯಾರೂ ತೆಗೆಯದೇ ಇರೋ ಫೋಟೋಗಳು. ಮಂಡಿ ಊರಿ ಕೂತು ಹಿಂದಿನ ಆಕ್ಸಲ್ ಚಾಸಿಗೆ ಹೇಗೆ ಬೋಲ್ಟ್ ಆಗಿದೆ ಅಂತ ತೆಗೀರಿ, ಪ್ಯಾರಾಚೂಟಿನ ದಾರ ಎಲ್ಲಿಂದ ಎಲ್ಲಿಗೆ ಕಟ್ಟಿದೆ, ಸೀಟಿನ ಬೆಲ್ಟು ಯಾವ ಪೈಪಿಗೆ ಸುತ್ತಿದೆ, ಫ್ಯೂಯಲ್ ಟ್ಯಾಂಕಿಂದ ಪಂಪಿಗೆ ಪೈಪು ಯಾವ ಬದಿಯಿಂದ ಹೋಗತ್ತೆ, ಪೆಡಲ್ಲು ಹೇಗಿದೆ, ಇವೆಲ್ಲಾ ಎರಡೂ ಬದಿಯಿಂದ. ಪೂರ್ತಿ ಕಾರನ್ನ ಪಕ್ಕದಿಂದ ತೆಗೆಯುವಾಗ ಆದಷ್ಟು ದೂರ ನಿಂತು ಝೂಮ್ ಮಾಡಿ, ಹತ್ತಿರ ನಿಂತ್ರೆ ಮೂಗು ಉದ್ದ ಕಂಡು ಅಳತೆ ಕೆಡತ್ತೆ. ಫ್ಲ್ಯಾಶ್ ಆಫ್ ಮಾಡಿ, ಪಾಲಿಶ್ ಮಾಡಿದ ಲೋಹ ಬರೀ ಬಿಳೀ ಮಚ್ಚೆಯಾಗಿಬಿಡತ್ತೆ. ಹಗ್ಗ ಕಟ್ಟಿದ್ದರೆ ದಾಟಬೇಡಿ, ಸೆಲ್ಫಿ ಕೋಲು ಇದ್ರೆ ತಗೊಂಡು ಹೋಗಿ, ಅಲ್ಲಿನೋರು ಒಪ್ಪಿದ್ರೆ ಕೆಳಗಿನಿಂದ ಚಾಚಿ ತೆಗೀಬಹುದು. ಒಂದೊಂದು ಕಾರಿನ ಫೋಟೋ ಶುರು ಮಾಡೋ ಮುಂಚೆ ಅದರ ಪಕ್ಕದ ಫಲಕದ್ದು ಒಂದು ಫೋಟೋ ಹೊಡ್ಕೊಳಿ, ಇಲ್ಲಾಂದ್ರೆ ಮನೆಗೆ ಬಂದ ಮೇಲೆ ಎಲ್ಲಾ ಕಪ್ಪು ಕಾರುಗಳೇ, ಯಾವ ಆಕ್ಸಲ್ ಯಾವ ಸ್ವಾಂಪ್ ರ‍್ಯಾಟಿಂದು ಅಂತ ಗೊತ್ತಾಗಲ್ಲ. ಸ್ವಾಂಪ್ ರ‍್ಯಾಟ್ 30 ಮಾತ್ರ ಅಲ್ಲಿ ಹುಡುಕ್ಬೇಡಿ, ಅದನ್ನ 1987ರಲ್ಲೇ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ನಿಗೆ ಕೊಟ್ಟಿದಾರೆ. ತಮ್ಮನಿಗೆ ಕಳಿಸುವಾಗ ಆ ಹಿಂದಿನ ಆಕ್ಸಲ್ ಫೋಟೋ ನಮಗೂ ಒಂದು ಕಾಪಿ ಹಾಕಿ, ಮೈಸೂರಿನವರೂ ಕೇಳ್ತಿದಾರೆ.