ಆರು ಮಂದಿಯ ಗುಂಪು, ಇಬ್ಬರ ದುಡಿಮೆ

ಓದುಗರ ಪತ್ರ: ಹನ್ನೊಂದನೇ ತರಗತಿಗೆ ಭೌತಶಾಸ್ತ್ರ ಕಲಿಸುತ್ತೇನೆ. ‘ಉಷ್ಣ ಪ್ರಸರಣ’ದ ಮೇಲೆ ಪ್ರಾಜೆಕ್ಟ್ ಕೊಟ್ಟೆ. ಆರು ಮಂದಿಯ ಗುಂಪಿನಲ್ಲಿ ಇಬ್ಬರು ದುಡಿದರು, ಉಳಿದವರು ಹೆಸರು ಸೇರಿಸಿಕೊಂಡರು. ಬಂದದ್ದೆಲ್ಲ ಇಂಟರ್‌ನೆಟ್‌ನಿಂದ ಇಳಿಸಿದ ಚಾರ್ಟು. ಪಾಠವೂ ಹಿಂದೆ ಬಿತ್ತು. ಇದಕ್ಕಿಂತ ಬೋರ್ಡೇ ವಾಸಿಯಲ್ಲವೇ?

ಸಂಪಾದಕರ ಉತ್ತರ: ಮಕ್ಕಳ ಮೇಲೆ ಸಿಟ್ಟಾಗುವ ಮೊದಲು ನೀವು ಕೊಟ್ಟ ವಿಷಯವನ್ನೇ ನೋಡಿ. ‘ಉಷ್ಣ ಪ್ರಸರಣ’ ಪಾಠದ ಶೀರ್ಷಿಕೆ. ಅದರ ಬಗ್ಗೆ ಬರೆಯಬೇಕಾದದ್ದೆಲ್ಲ ಆಗಲೇ ಯಾರೋ ಬರೆದಿಟ್ಟಿದ್ದಾರೆ. ಅಳೆಯದೆ ಉತ್ತರ ಸಿಗದ ಪ್ರಶ್ನೆ ಕೊಡಿ. ಉದಾಹರಣೆಗೆ, ಪಾತ್ರೆಗೆ ಹೊದಿಕೆ ಸುತ್ತಿ ನೀರಿನ ಬಿಸಿ ಉಳಿಸುವುದು ಹೇಗೆ? 80 ಡಿಗ್ರಿ ಸೆಲ್ಸಿಯಸ್‌ನ 200 ಮಿಲಿಲೀಟರ್ ನೀರು 40 ನಿಮಿಷ ಕಳೆದರೂ 60 ಡಿಗ್ರಿಗಿಂತ ಕೆಳಗಿಳಿಯಬಾರದು, ಹೊದಿಕೆಯ ದಪ್ಪ 2 ಸೆಂಟಿಮೀಟರ್ ಮೀರಬಾರದು, ಫ್ಲಾಸ್ಕ್ ಬಳಸುವಂತಿಲ್ಲ. ರಟ್ಟು, ಹತ್ತಿ, ಥರ್ಮೋಕೋಲು, ಹಳೆ ಪೇಪರು ಸಾಕು. ಬಿಸಿನೀರು ಸುರಿಯುವ ಕೆಲಸ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಮೊದಲ ಸಲದ ಅಳತೆಗಳು ಬಹುಪಾಲು ಕೆಡುತ್ತವೆ, ಕೆಡಲಿ. ಒಂದು ಗುಂಪು 80ರಿಂದ, ಇನ್ನೊಂದು 74ರಿಂದ ಶುರುಮಾಡಿ, ಎರಡನ್ನೂ ಹೋಲಿಸುತ್ತದೆ. ಹತ್ತಿಯ ದಪ್ಪವನ್ನೂ ಪಾತ್ರೆಯನ್ನೂ ಒಟ್ಟಿಗೆ ಬದಲಿಸಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಕೂರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಮುಚ್ಚಳ. ತೆರೆದ ಪಾತ್ರೆಯಲ್ಲಿ ಬಿಸಿಯ ದೊಡ್ಡ ಪಾಲು ಆವಿಯಾಗುವುದರಲ್ಲೇ ಹೋಗುತ್ತದೆ. ಸುತ್ತ ಎಷ್ಟು ಹತ್ತಿ ಸುತ್ತಿದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ‘ಹತ್ತಿ ಪ್ರಯೋಜನವಿಲ್ಲ’ ಎಂದು ಹುಡುಗರು ಬರೆದುಕೊಂಡು ಬಂದಾಗ ಉತ್ತರ ಹೇಳಿಬಿಡಬೇಡಿ, ಮುಚ್ಚಳ ಹಾಕಿ ಮತ್ತೆ ಅಳೆಯಲು ಹೇಳಿ.

ವಸ್ತು ಸುತ್ತಲಿಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ತಣಿಯುತ್ತದೆ ಎನ್ನುವ ನ್ಯೂಟನ್ನನ ತಂಪಾಗುವಿಕೆಯ ನಿಯಮಕ್ಕೆ ಇದೇ ಹೊತ್ತು. ನೀರಿನ ತಾಪದಿಂದ ಕೋಣೆಯ ತಾಪ ಕಳೆದು, ಅದರ ಲಾಗರಿದಮ್ಮನ್ನು ಸಮಯದೆದುರು ಗುರುತಿಸಿದರೆ ಹೆಚ್ಚುಕಡಿಮೆ ನೇರ ಗೆರೆ ಬರಬೇಕು. ಮುಚ್ಚಳವಿಲ್ಲದ ಅಳತೆಯಲ್ಲಿ ಆರಂಭದ ಭಾಗ ಕಡಿದಾಗಿ ಬಾಗಿರುತ್ತದೆ. ಪ್ರಾಜೆಕ್ಟಿನೊಳಗೇ ಪಾಠ ಬಂದರೆ ಅದು ಹಿಂದೆ ಬೀಳುವ ಮಾತಿಲ್ಲ. ಪಾಠ ಮುಗಿಸಿ ಆಮೇಲೆ ಪ್ರಾಜೆಕ್ಟ್ ಅಂಟಿಸಿದ್ದರಿಂದಲೇ ಎರಡಕ್ಕೂ ಸಮಯ ಸಾಲಲಿಲ್ಲ.

ಗುಂಪಿಗೆ ಮೂವರು ಸಾಕು; ಆರರಲ್ಲಿ ಅಡಗಲು ಜಾಗವಿದೆ. ಅಳೆಯುವವರು, ಬರೆಯುವವರು, ಗ್ರಾಫ್ ಹಾಕುವವರು ಪ್ರತಿ ಸಲ ಬದಲಾಗಲಿ. ಮೂರು ವಾರ ಕೊಟ್ಟರೆ ಪ್ರತಿ ವಾರ ಒಂದು ಕಂತು: ಯೋಜನೆ, ಮೊದಲ ಅಳತೆ, ತಿದ್ದಿದ ಅಳತೆ. ಅರ್ಧದಷ್ಟು ಅಂಕ ಒಬ್ಬೊಬ್ಬರ ಮೌಖಿಕಕ್ಕಿರಲಿ. ಗ್ರಾಫ್ ತೋರಿಸಿ ‘ಈ ಬಿಂದು ಗೆರೆ ಬಿಟ್ಟು ಯಾಕೆ ಹೋಯಿತು?’ ಎಂದು ಕೇಳಿ. ಬರೀ ಹೆಸರು ಸೇರಿಸಿಕೊಂಡವರು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. 60 ಡಿಗ್ರಿ ಉಳಿಯದಿದ್ದರೂ ಕಾರಣ ಸರಿಯಾಗಿ ಹೇಳಿದ ಗುಂಪಿಗೆ ಪೂರ್ತಿ ಅಂಕ ಕೊಡಿ, ಇಲ್ಲವಾದರೆ ಮುಂದಿನ ಸಲ ಅಳತೆಗಳನ್ನೇ ತಿದ್ದಿ ತರುತ್ತಾರೆ.

ಎಲ್ಲ ಪಾಠಕ್ಕೂ ಇದು ಬೇಡ, ಟರ್ಮಿಗೊಂದು ಪ್ರಾಜೆಕ್ಟ್ ಧಾರಾಳ. ಉಳಿದ ದಿನಗಳಿಗೆ ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ ಕ್ರಮ ಹಗುರ: ಒಂದು ಬಹುಆಯ್ಕೆ ಪ್ರಶ್ನೆ, ಒಬ್ಬೊಬ್ಬರೇ ಉತ್ತರ, ಆಮೇಲೆ ಪಕ್ಕದವರೊಡನೆ ವಾದ, ಮತ್ತೆ ಉತ್ತರ. ಸರಿಯುತ್ತರ ಸುಮಾರು ಶೇ 30ರಿಂದ 70ರೊಳಗಿದ್ದರೆ ವಾದ ಫಲ ಕೊಡುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನೀವು ಕೇಳಿದ ಬೋರ್ಡಿಗೆ ಮರಳಿ, ಪಾಠವನ್ನೇ ಇನ್ನೊಮ್ಮೆ ಹೇಳಿ.