ಉಬುಂಟು ಇರುವ ಮನೆ ಕಂಪ್ಯೂಟರ್‌ಗೆ ಯಾವ ಫೈರ್‌ವಾಲ್ ಹಾಕಿಕೊಳ್ಳಬೇಕು?

ಹೊಸದಾಗಿ ಉಬುಂಟು ಹಾಕಿಕೊಂಡಿದ್ದೀರಿ. ಫೈರ್‌ವಾಲ್ (ನೆಟ್‌ವರ್ಕ್‌ನಿಂದ ಬರುವ ಕರೆಗಳನ್ನು ತಡೆಯುವ ಕಾವಲು) ಯಾವುದು, ಪದೇ ಪದೇ ತಪ್ಪು ಲಾಗಿನ್ ಪ್ರಯತ್ನಿಸುವವರನ್ನು ತಡೆಯುವ ಫೇಲ್‌ಟುಬ್ಯಾನ್ ಬೇಕಾ, ಕಂಪ್ಯೂಟರ್‌ನ ಭದ್ರತೆ ಪರೀಕ್ಷಿಸುವ ಲಿನಿಸ್ ಬೇಕಾ ಅಂತ ಕೇಳಿದ್ದೀರಿ. ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯೂ (ufw) ಒಂದೇ ಸಾಕು. ಉಬುಂಟು ಜೊತೆಗೇ ಬಂದಿರುತ್ತದೆ, ಆದರೆ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡುವ ಮುಂಚೆ ಇನ್ನೊಂದು ಕೆಲಸ ಇದೆ. ಟೂಲ್ ಯಾವುದು ಅನ್ನುವುದಕ್ಕಿಂತ ಅದೇ ಮುಖ್ಯ.

ಟರ್ಮಿನಲ್ ತೆರೆದು, ಸುಡೋ ಜೊತೆ ಎಸ್‌ಎಸ್ ಕಮಾಂಡ್ ಓಡಿಸಿ. ಟಿ, ಯು, ಎಲ್, ಪಿ, ಎನ್ ಎಂಬ ಐದು ಆಪ್ಷನ್‌ಗಳನ್ನು ಸೇರಿಸಿ, ಅಂದರೆ sudo ss -tulpn ಅಂತ ಬರೆಯಿರಿ. ನೆಟ್‌ವರ್ಕ್‌ನಿಂದ ಯಾರಾದರೂ ಕರೆಯಲಿ ಅಂತ ಕಾಯುತ್ತಿರುವ ಪ್ರೋಗ್ರಾಂಗಳೆಲ್ಲ ಕಾಣುತ್ತವೆ. ಒಂದೊಂದು ಸಾಲನ್ನೂ ನಿಧಾನವಾಗಿ ನೋಡಿ. ಕೋಲನ್ ಚಿಹ್ನೆಯ ನಂತರದ ಸಂಖ್ಯೆಯೇ ಪೋರ್ಟ್, ಅಂದರೆ ಆ ಸೇವೆಗೆ ಕರೆ ಬರುವ ಬಾಗಿಲಿನ ಸಂಖ್ಯೆ. 127.0.0.1:631 ಅಂತಿದ್ದರೆ ಅದು ಪ್ರಿಂಟರ್ ಸೇವೆ, ಇದೇ ಕಂಪ್ಯೂಟರ್‌ನಿಂದ ಬಂದ ಕರೆಗೆ ಮಾತ್ರ ಓಗೊಡುತ್ತದೆ. ಚಿಂತೆ ಬೇಡ. 0.0.0.0:22 ಅಂತಿದ್ದರೆ ಅದು ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುವ ಸೇವೆ), ನಿಮ್ಮ ವೈಫೈಯಲ್ಲಿರುವ ಯಾವ ಯಂತ್ರ ಬೇಕಾದರೂ ಅದನ್ನು ಮುಟ್ಟಬಹುದು. ಸೊನ್ನೆಗಳ ಬದಲು ನಕ್ಷತ್ರ ಚಿಹ್ನೆ ಇದ್ದರೂ ಅದೇ ಅರ್ಥ.

ಹೊರಗಿನಿಂದ ಲಾಗಿನ್ ಆಗುವ ಅಗತ್ಯ ನಿಮಗಿಲ್ಲ ಅಲ್ವಾ? ಹಾಗಾದರೆ ಎಸ್‌ಎಸ್‌ಎಚ್ ಸರ್ವರನ್ನೇ ತೆಗೆದುಬಿಡಿ. ಇಲ್ಲದ ಸೇವೆಯ ಮೇಲೆ ಯಾರೂ ದಾಳಿ ಮಾಡಲಾರರು. ನನ್ನ ಪ್ರಕಾರ ಹಾರ್ಡನಿಂಗ್‌ನ, ಅಂದರೆ ಕಂಪ್ಯೂಟರ್‌ನ ಭದ್ರತೆ ಬಿಗಿಮಾಡುವ ಕೆಲಸದ, ಮುಕ್ಕಾಲು ಪಾಲು ಇಷ್ಟೇ. ಎಸ್‌ಎಸ್‌ಎಚ್ ಹೋದ ಮೇಲೆ ನಿಮಗೆ ಫೇಲ್‌ಟುಬ್ಯಾನ್ ಸುಮ್ನೆ ಭಾರ.

ಆಮೇಲೆ ಯುಎಫ್‌ಡಬ್ಲ್ಯೂ ಆನ್ ಮಾಡಿ. ಒಳಗೆ ಬರುವುದನ್ನು ತಡೆಯುವುದು, ಹೊರಗೆ ಹೋಗುವುದನ್ನು ಬಿಡುವುದು ಅದರ ಡೀಫಾಲ್ಟ್. ಮನೆಗೆ ಅದೇ ಸರಿ. "ಇನ್ನೊಂದು ಫೈರ್‌ವಾಲ್ ಕೂಡ ಇರಲಿ" ಅಂತ ಫೈರ್‌ವಾಲ್‌ಡಿ ಹಾಕಬೇಡಿ. ಯಾವುದನ್ನು ಹಾಕಿದರೂ ನಿಜವಾಗಿ ತಡೆಯುವುದು ಕರ್ನಲ್ (ಉಬುಂಟುವಿನ ತಿರುಳು) ಒಳಗಿನ ನೆಟ್‌ಫಿಲ್ಟರ್. ಇಬ್ಬರು ಒಂದೇ ಕಡೆ ನಿಯಮ ಬರೆಯಲು ಹೊರಟರೆ ಗೊಂದಲ ಜಾಸ್ತಿಯಾಗುತ್ತದೆ, ರಕ್ಷಣೆ ಅಲ್ಲ.

ಡಾಕರ್ (ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಟೂಲ್) ಬಳಸುವವರು ಮಾತ್ರ ಇಲ್ಲಿ ತುಂಬಾ ಜಾಗ್ರತೆಯಾಗಿರಬೇಕು. ಕಂಟೈನರ್‌ಗೆ ಪೋರ್ಟ್ ತೆರೆದಾಗ ಡಾಕರ್ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ "ತಡೆದಿದ್ದೇನೆ" ಅಂತ ತೋರಿಸುತ್ತಿದ್ದರೂ ಆ ಪೋರ್ಟ್ ಹೊರಗಿನವರಿಗೆ ಸಿಗುತ್ತದೆ. ಡಾಕರ್‌ಗೆ ಪೋರ್ಟ್ ಹೇಳುವಾಗ ಸಂಖ್ಯೆಗೆ ಮೊದಲು 127.0.0.1: ಅಂತ ಸೇರಿಸಿದರೆ ಈ ತೊಂದರೆ ಇಲ್ಲ.

ಲಿನಿಸ್ ಓಡಿಸಿ ನೋಡಿ, ಕಲಿಯಲು ಒಳ್ಳೆಯದು. ಅದು ಏನನ್ನೂ ಬದಲಿಸುವುದಿಲ್ಲ, ಪರೀಕ್ಷೆ ಮಾಡಿ ಸಲಹೆ ಕೊಡುತ್ತದೆ ಅಷ್ಟೇ. ಕೊನೆಯಲ್ಲಿ ಬರುವ ಅಂಕದ ಹಿಂದೆ ಬೀಳಬೇಡಿ. ಅದರ ಎಷ್ಟೋ ಸಲಹೆಗಳು ಸರ್ವರ್‌ಗಳಿಗೆ ಹೊಂದುವಂಥವು.

ಇಷ್ಟೆಲ್ಲಾ ಮಾಡಿ ಅಪ್‌ಡೇಟ್ ಮುಂದೂಡಿದರೆ ಮಾತ್ರ ಉಪಯೋಗವಿಲ್ಲ. ಮೇ 2017ರಲ್ಲಿ ವನ್ನಾಕ್ರೈ ಎಂಬ ಹಣ ಸುಲಿಯುವ ವೈರಸ್ ವಿಂಡೋಸ್ ಯಂತ್ರಗಳಿಗೆ ಹರಡಿದ್ದು 445ನೇ ಪೋರ್ಟ್ ಮೂಲಕ. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಉಬುಂಟುವಿನಲ್ಲಿ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವಂತೆ ಸೆಟ್ಟಿಂಗ್ ಇದೆ, ಅದು ಆನ್ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಎಸ್‌ಎಸ್ ಪಟ್ಟಿಯಲ್ಲಿ ಏನೆಂದು ಗೊತ್ತಾಗದ ಸಾಲು ಇದ್ದರೆ ಪ್ರೋಗ್ರಾಂ ಹೆಸರು, ಪೋರ್ಟ್ ಸಂಖ್ಯೆ ಎರಡನ್ನೂ ಬರೆಯಿರಿ. ತೆಗೆಯಬಹುದಾ, ಬೇಡವಾ ಅಂತ ನೋಡಿ ಹೇಳುತ್ತೇನೆ.